ಪಿಕಪ್ಪಿನೊಳಗೆ ಮಳೆ: ಸೋರಿಕೆಯ ಮೂಲ ಸಿಕ್ಕಿದ ಬಗೆ

ಆಗುಂಬೆ ಘಾಟಿಯ ಮೇಲಿನ ಊರುಗಳಲ್ಲಿ ಇವತ್ತು ಪಿಕಪ್ ಇಲ್ಲದೆ ತೋಟದ ಬದುಕು ನಡೆಯುವುದಿಲ್ಲ. ಗೊಬ್ಬರದ ಮೂಟೆ ಬರುವುದು ಅದರಲ್ಲಿ, ಅಡಿಕೆ ಮಂಡಿಗೆ ಹೋಗುವುದು ಅದರಲ್ಲಿ. ಕೊನೆ ತೆಗೆಯುವವರನ್ನು ಕರೆತರುವುದೂ, ಅಪರಾತ್ರಿಯಲ್ಲಿ ಕಾಯಿಲೆ ಬಿದ್ದವರನ್ನು ತೀರ್ಥಹಳ್ಳಿಗೆ ಮುಟ್ಟಿಸುವುದೂ ಅದೇ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗಾಡಿಗಳು ನೆನೆಯುತ್ತಲೇ ಓಡುತ್ತವೆ. ಹೊರಗೆ ನೆನೆದರೆ ಯಾರಿಗೂ ಚಿಂತೆಯಿಲ್ಲ. ಕ್ಯಾಬಿನ್ನಿನ ಒಳಗೆ ನೀರು ಕಾಣಿಸಿಕೊಂಡಾಗ ಮಾತ್ರ ಕಷ್ಟ ಶುರು.

ನನ್ನ ಬಾವನ ಪಿಕಪ್ಪಿಗೆ ಬಂದದ್ದು ಇದೇ ಕಷ್ಟ. ಎಡಗಡೆ ಸೀಟಿನವರು ಕಾಲಿಡುವ ಜಾಗದ ಮ್ಯಾಟು ಒದ್ದೆಯಾಗಿರುತ್ತಿತ್ತು. ಮೊದಮೊದಲು ಹತ್ತಿದವರ ಚಪ್ಪಲಿಯಿಂದ ಬಂದ ನೀರು ಅಂದುಕೊಂಡರು. ಆರಿದ್ರಾ ಮಳೆ ಹಿಡಿದ ಮೇಲೆ ಮ್ಯಾಟನ್ನು ಒತ್ತಿದರೆ ನೀರು ಚಿಲ್ಲೆಂದು ಮೇಲೆ ಬರತೊಡಗಿತು. ಪುನರ್ವಸು ಹೊತ್ತಿಗೆ ಸೀಟ್ ಬೆಲ್ಟಿನ ಮೇಲೆ ಬಿಳಿ ಬೂಸ್ಟು, ಬಾಗಿಲು ತೆಗೆದರೆ ಮುಗ್ಗಲು ವಾಸನೆ, ಗಾಜಿನ ಒಳಮೈಗೆ ಯಾವಾಗಲೂ ಮಂಜು. ಒಂದು ನಡುರಾತ್ರಿ ಅಂಗಳದಲ್ಲಿ ನಿಂತಿದ್ದ ಗಾಡಿಯ ಹಾರ್ನ್ ತಾನಾಗಿ ಕೂಗಿಕೊಂಡು ಮನೆಯವರನ್ನೆಲ್ಲ ಎಬ್ಬಿಸಿತು. ಬಲಗಡೆ ಡ್ಯಾಶ್‌ಬೋರ್ಡಿನ ಕೆಳಗಿದ್ದ ಫ್ಯೂಸ್ ಬಾಕ್ಸಿಗೂ ನೀರು ಹೋಗಿತ್ತು. ಮ್ಯಾಟು ಒದ್ದೆಯಾದದ್ದು ಎಡಗಡೆ, ಫ್ಯೂಸ್ ನೆನೆದದ್ದು ಬಲಗಡೆ. ಇದರ ತಲೆಬುಡ ಯಾರಿಗೂ ಹತ್ತಲಿಲ್ಲ.

ಹೋದ ಕಡೆಯೆಲ್ಲ ಒಂದೇ ಮದ್ದು ಹೇಳುತ್ತಿದ್ದರು. ಮುಂದಿನ ಗಾಜಿನ ಬೀಡಿಂಗ್ ಸಡಿಲವಾಗಿದೆ, ಸಿಲಿಕಾನ್ ಹೊಡೆದರೆ ನಿಲ್ಲುತ್ತದೆ. ಹೊಡೆದರು. ನಿಲ್ಲಲಿಲ್ಲ. ಅದರ ಮೇಲೆ ಇನ್ನೊಬ್ಬರು ಇನ್ನೊಂದು ಪದರ ಹೊಡೆದರು. ಗಾಜಿನ ಸುತ್ತ ಬೆರಳು ದಪ್ಪದ ಬಿಳಿ ಗೀಟು ಬಂತು. ಒಳಗಿನ ನೀರು ಇದ್ದಷ್ಟೇ ಇತ್ತು.

ಈ ಗೊಂದಲ ಬಿಡಿಸಿದವರು ಹಳೆಯ ಲಾರಿ ಬಾಡಿ ಕಟ್ಟಿ ಪಳಗಿದ ಒಬ್ಬ ಟಿಂಕರ್ ಸಾಬರು. ಕಣ್ಣು ಮಂದವಾಗಿದೆ, ಕಿವಿ ಮತ್ತು ಬೆರಳು ಚುರುಕು. ಅವರು ಗಾಡಿಯ ಹತ್ತಿರ ಬಂದವರು ಗಾಜನ್ನು ಮುಟ್ಟಲೇ ಇಲ್ಲ. ಬಾವನ ಕಡೆ ತಿರುಗಿ ಕೇಳಿದ ಮೊದಲ ಪ್ರಶ್ನೆ ಇದು:

"ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ತೀರಿ ಗೌಡ್ರೇ?"

"ಅಂಗಳದಲ್ಲೇ ಸಾಬ್ರೇ, ಹಲಸಿನ ಮರದ ಅಡಿ."

"ಜಾಗ ಸಮ ಇದ್ಯಾ?"

"ನಮ್ಮೂರಲ್ಲಿ ಎಲ್ಲಿ ಸಮ ಇರುತ್ತೆ? ಎಡಕ್ಕೆ ಸ್ವಲ್ಪ ವಾಟ ಇದೆ."

"ಮಂಡಿ ಹತ್ರ ನಿಲ್ಲಿಸಿದಾಗ ಒಳಗೆ ನೀರು ಬಂದಿತ್ತಾ?"

ಬಾವ ಸುಮ್ಮನಾದರು. ಯೋಚಿಸಿ ನೋಡಿದರೆ, ಮಂಡಿಯ ಸಿಮೆಂಟ್ ನೆಲದ ಮೇಲೆ ಇಡೀ ದಿನ ಮಳೆಯಲ್ಲಿ ನಿಂತಾಗಲೂ ಎಡಗಡೆ ಹೊಸ ನೀರು ಬಂದಿರಲಿಲ್ಲ. ಬರುತ್ತಿದ್ದುದು ಮನೆಯಂಗಳದಲ್ಲಿ ಮಾತ್ರ.

ಸೋರಿಕೆ ಹುಡುಕುವ ಕೆಲಸ ಶುರುವಾಗಬೇಕಾದದ್ದು ಹೀಗೆ ಎಂದು ನನಗೆ ಅನ್ನಿಸಿದ್ದು ಅವತ್ತು. ಗಾಡಿ ಬಿಚ್ಚುವ ಮೊದಲು ಗಾಡಿಯ ದಿನಚರಿ ಗೊತ್ತಾಗಬೇಕು. ನಿಂತಾಗ ಬರುತ್ತದೋ ಓಡುವಾಗ ಬರುತ್ತದೋ? ಯಾವ ಕಡೆ ವಾಲಿದಾಗ ಬರುತ್ತದೆ? ಬಿಸಿಲಿನ ದಿನವೂ ಬರುತ್ತದೆಯೇ? ಬಿಸಿಲಿನಲ್ಲೂ ಎಡಗಡೆ ನೀರು ಬಂದರೆ ಅದು ಮಳೆಯದಲ್ಲ. ಎಸಿ ಇರುವ ಗಾಡಿಯಲ್ಲಿ ಒಳಗಿನ ತಂಪು ಸುರುಳಿಯ ಮೇಲೆ ಕಟ್ಟುವ ನೀರು ಒಂದು ಸಣ್ಣ ಪೈಪಿನಲ್ಲಿ ಹೊರಗೆ ಹೋಗಬೇಕು. ಆ ಪೈಪು ಕಟ್ಟಿದರೆ ನೀರು ಒಳಕ್ಕೇ ಇಳಿಯುತ್ತದೆ. ಬೆರಳಿಗೆ ಜಿಡ್ಡಾಗಿ, ಬಣ್ಣವಾಗಿ, ಸಿಹಿ ವಾಸನೆ ಹೊಡೆದರೆ ಅದು ರೇಡಿಯೇಟರಿಗೆ ಹಾಕುವ ಕೂಲಂಟ್. ಹೀಟರಿನ ಸುರುಳಿ ತೂತಾಗಿದೆ ಎಂದು ಅರ್ಥ. ಕೂಲಂಟ್ ವಿಷ, ಅದನ್ನು ನಾಲಿಗೆಗೆ ಹಚ್ಚಿ ನೋಡಲೇಬಾರದು. ಬಾವನ ಗಾಡಿಯಲ್ಲಿ ಇದ್ದದ್ದು ಸಿಹಿ ವಾಸನೆಯಿಲ್ಲದ, ಕೆಸರು ಬೆರೆತ ಮಳೆನೀರೇ.

ಸಾಬರು ಎರಡನೆಯದಾಗಿ ಮಾಡಿಸಿದ್ದು ಒಣಗಿಸುವ ಕೆಲಸ. ಸೀಟು ಬಿಚ್ಚಿಸಿದರು, ಮ್ಯಾಟು ಎತ್ತಿಸಿದರು. ಮ್ಯಾಟಿನ ಅಡಿಗೆ ಶಬ್ದ ತಡೆಯಲೆಂದು ಹಾಸಿದ ದಪ್ಪ ಫೆಲ್ಟ್ ಇತ್ತು. ಹಿಂಡಿದರೆ ಕಂದು ನೀರು ಧಾರೆಯಾಗಿ ಬಂತು. ಈ ಫೆಲ್ಟ್ ಮೇಲಿಂದ ಮುಟ್ಟಿದರೆ ಒಣಗಿದ ಹಾಗಿರುತ್ತದೆ. ಹೊಟ್ಟೆಯೊಳಗೆ ವಾರಗಟ್ಟಲೆ ನೀರು ಹಿಡಿದಿಟ್ಟುಕೊಂಡು ಅಡಿಯ ತಗಡನ್ನು ತಿನ್ನುತ್ತದೆ. ಅದು ಒದ್ದೆಯಾಗಿರುವಷ್ಟು ದಿನ ಹೊಸ ನೀರು ಯಾವುದು, ಹಳೆಯ ನೀರು ಯಾವುದು ಎಂದು ಗೊತ್ತಾಗುವುದೇ ಇಲ್ಲ. ಮಳೆಗಾಲದಲ್ಲಿ ಅದನ್ನು ಒಣಗಿಸುವುದು ಎಲ್ಲಿ? ಅಡಿಕೆ ಡ್ರೈಯರ್ ಆ ತಿಂಗಳಲ್ಲಿ ಖಾಲಿ ಬಿದ್ದಿತ್ತು. ಅದರಲ್ಲಿ ಹರಡಿ ಬೆಂಕಿ ಹಾಕಿದರು.

ಬರಿದಾದ ಕ್ಯಾಬಿನ್ನಿನ ತಗಡನ್ನು ಒರೆಸಿ ಒಣಗಿಸಿ, ಒಳಮೈಗೆಲ್ಲ ಸೀಮೆಸುಣ್ಣದ ಪುಡಿ ಸವರಿದರು. ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಾದ ಫೈರ್‌ವಾಲ್, ಗಾಜಿನ ಕೆಳಗಿನ ಮಡಿಕೆ, ಗಾಜಿನ ಎರಡೂ ಬದಿಯ ಕಂಬಗಳ ಬುಡ, ಹಿಂದಿನ ಗೋಡೆ ಎಲ್ಲಕ್ಕೂ. ಪುಡಿಯ ಮೇಲೆ ಒಂದು ಹನಿ ಹರಿದರೂ ಗೆರೆ ಬೀಳುತ್ತದೆ. ಗೆರೆಯನ್ನು ಹಿಡಿದು ಮೇಲಕ್ಕೆ ಹೋದರೆ ಹನಿ ಹೊರಟ ಜಾಗ ಸಿಗುತ್ತದೆ.

ಇಷ್ಟೆಲ್ಲ ಯಾಕೆ ಬೇಕು ಎಂದು ಕೇಳಬಹುದು. ಹಂಚಿನ ಮನೆಯಲ್ಲಿ ಬೆಳೆದವರಿಗೆ ಉತ್ತರ ಗೊತ್ತಿದೆ. ಹಂಚು ಒಡೆದಿರುವುದು ಮಾಡಿನ ನೆತ್ತಿಯಲ್ಲಿ. ನೀರು ಪಕಾಸಿ ಹಿಡಿದು ಇಳಿದು, ಯಾವುದೋ ರೀಪಿನ ಬಳಿ ತಡೆದು, ತೊಟ್ಟಿಕ್ಕುವುದು ದೇವರ ಕೋಣೆಯಲ್ಲಿ. ತೊಟ್ಟಿಕ್ಕುವ ಜಾಗದ ಮೇಲಿನ ಹಂಚು ಬದಲಿಸಿದರೆ ಏನೂ ಆಗುವುದಿಲ್ಲ. ಕ್ಯಾಬಿನ್ನಿನ ತಗಡಿನಲ್ಲೂ ಇದೇ ನಡೆಯುತ್ತದೆ. ನೀರು ಲೋಹದ ಮೈಗೆ, ತಂತಿಯ ಮೈಗೆ ಅಂಟಿಕೊಂಡು ಅಡ್ಡಡ್ಡ ಸಾಗುತ್ತದೆ. ಎರಡು ತಗಡುಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಮೇಲಕ್ಕೂ ಏರುತ್ತದೆ. ಕಾಲ ಬಳಿ ಕಂಡ ನೀರು ತಲೆಯ ಮೇಲಿನಿಂದ ಹೊರಟಿರಬಹುದು.

ಆಮೇಲೆ ಪೈಪಿನ ಪರೀಕ್ಷೆ. ಬಾವನ ಮಗ ಟಾರ್ಚ್ ಹಿಡಿದು ಕ್ಯಾಬಿನ್ನಿನೊಳಗೆ ಕೂತ, ಹೊರಗೆ ಸಾಬರ ಕೈಯಲ್ಲಿ ತೋಟದ ಪೈಪು. ಸರ್ವಿಸ್ ಸ್ಟೇಷನ್ನಿನ ಜೋರು ಪಂಪು ಬೇಡವೇ ಬೇಡ ಅಂದರು. ಆ ರಭಸಕ್ಕೆ ಸರಿಯಾಗಿರುವ ರಬ್ಬರೂ ನೀರು ಬಿಡುತ್ತದೆ, ನಿರಪರಾಧಿಯ ಮೇಲೆ ಆರೋಪ ಬರುತ್ತದೆ. ನೀರು ಸಣ್ಣಗೆ ಹರಿಯಬೇಕು, ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲೇ ಚಾವಣಿಗೆ ನೀರು ಬಿಟ್ಟರೆ ಅದು ಗಾಜು, ಬಾಗಿಲು, ಬಾನೆಟ್ಟು ಎಲ್ಲದರ ಮೇಲೂ ಇಳಿಯುತ್ತದೆ. ಒಳಗೆ ಹನಿ ಬಿದ್ದರೆ ಇವುಗಳಲ್ಲಿ ಯಾವುದರದು ಎಂದು ಹೇಳಲಾಗದು. ಕೆಳಗಿನಿಂದ ಒಂದೊಂದೇ ಜಾಗಕ್ಕೆ ಬಿಟ್ಟು, ಪ್ರತಿ ಜಾಗದಲ್ಲೂ ಕೆಲವು ನಿಮಿಷ ಕಾದು, ಒಳಗಿನಿಂದ "ಒಣ ಇದೆ" ಎಂಬ ಕೂಗು ಬಂದ ಮೇಲೆ ಮುಂದಿನದು.

ಚಕ್ರದ ಮೇಲಿನ ಭಾಗ ಒಣ. ಫೈರ್‌ವಾಲಿನಲ್ಲಿ ತಂತಿಗಳ ಕಟ್ಟು ಒಳಗೆ ಹೋಗುವ ರಬ್ಬರ್ ಬುಶ್ ಒಣ. ಬಾಗಿಲುಗಳ ಸರದಿ ಬಂದಾಗ ಬಲಬಾಗಿಲಿನ ಒಳಗೆ ಗುಳುಗುಳು ಸದ್ದಾಯಿತು.

ಬಾಗಿಲಿನ ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಕಿಟಕಿಯ ಗಾಜು ಇಳಿಯುವ ಸಂದಿಯಲ್ಲಿ ಮಳೆನೀರು ಬಾಗಿಲಿನ ಹೊಟ್ಟೆಗೆ ಹೋಗಿಯೇ ಹೋಗುತ್ತದೆ. ಅದನ್ನು ಪೂರ್ತಿ ತಡೆಯುವ ರಬ್ಬರ್ ಯಾವ ಗಾಡಿಯಲ್ಲೂ ಇಲ್ಲ. ಅದಕ್ಕೇ ಬಾಗಿಲಿನ ತಳದಲ್ಲಿ ತೂತುಗಳಿವೆ. ಹೋದ ನೀರು ಅಲ್ಲಿಂದ ಹೊರಬೀಳಬೇಕು. ಒಳಗಿನ ರೆಕ್ಸಿನ್ ಹಲಗೆಯ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಆ ನೀರು ಕ್ಯಾಬಿನ್ನಿಗೆ ಸಿಡಿಯದಂತೆ ಕಾಯುತ್ತದೆ. ಈ ಗಾಡಿಯಲ್ಲಿ ತಳದ ತೂತುಗಳನ್ನು ಕೆಸರು ಮುಚ್ಚಿತ್ತು, ಅದರ ಮೇಲೆ ಯಾರೋ ತುಕ್ಕು ಹಿಡಿಯಬಾರದೆಂದು ಟಾರಿನಂಥ ಬಣ್ಣವನ್ನೂ ಬಳಿದಿದ್ದರು. ಸ್ಪೀಕರ್ ಕೂರಿಸಿದವರು ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಕಿದ್ದರು. ಕಡ್ಡಿ ಹಾಕಿ ತೂತು ಬಿಡಿಸಿದಾಗ ಕಪ್ಪು ನೀರು ಸುರಿಯಿತು. ಹೊಸ ಹಾಳೆ ಕತ್ತರಿಸಿ ಬ್ಯುಟೈಲ್ ಟೇಪಿನಿಂದ ಅಂಟಿಸಿದರು. ಬ್ಯುಟೈಲ್ 1937ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಕೃತಕ ರಬ್ಬರು. ಗಾಳಿಯನ್ನು ಬಿಗಿಯಾಗಿ ಹಿಡಿದಿಡುವ ಗುಣಕ್ಕೆ ಟೈರಿನ ಟ್ಯೂಬಿಗೆ ಹೋಯಿತು, ಒಣಗಿ ಗಟ್ಟಿಯಾಗದೆ ಅಂಟಿಕೊಂಡೇ ಇರುವ ಗುಣಕ್ಕೆ ಬಾಗಿಲಿನ ಒಳಗೂ ಬಂತು.

ಬಾಗಿಲು ಸಣ್ಣ ಕಳ್ಳ. ಎಡಗಡೆಯ ಕೆರೆಗೂ ಅದಕ್ಕೂ ಸಂಬಂಧವಿರಲಿಲ್ಲ.

ಮುಂದಿನದು ಬಾನೆಟ್ಟಿನ ಹಿಂಭಾಗ, ವೈಪರ್‌ಗಳು ಮಲಗುವ ಜಾಗ. ಅಲ್ಲಿ ಒಂದು ಪ್ಲಾಸ್ಟಿಕ್ ಜಾಲರಿ ಇರುತ್ತದೆ. ನಾವು ದಿನವೂ ನೋಡುತ್ತೇವೆ, ಅದರ ಅಡಿಯಲ್ಲಿ ಏನಿದೆ ಎಂದು ಕೇಳುವುದಿಲ್ಲ. ಅದರ ಅಡಿಯಲ್ಲಿರುವುದು ಗಾಡಿಯ ಅಗಲಕ್ಕೂ ಚಾಚಿದ ಒಂದು ತಗಡಿನ ತೊಟ್ಟಿ. ಕ್ಯಾಬಿನ್ನಿನೊಳಗೆ ಬ್ಲೋವರ್ ಎಳೆದುಕೊಳ್ಳುವ ಹೊರಗಿನ ಗಾಳಿ ಈ ಜಾಲರಿಯಿಂದ ಬಂದು ಈ ತೊಟ್ಟಿಯ ಮೂಲಕ ಹೋಗುತ್ತದೆ. ಗಾಳಿ ಬರುವ ಕಡೆ ಮಳೆಯೂ ಬರುತ್ತದಲ್ಲ. ಹಾಗಾಗಿ ಗಾಳಿಯ ತೂತಿಗೆ ಸುತ್ತಲೂ ಒಂದು ಎತ್ತರದ ಕಟ್ಟೆ ಕಟ್ಟಿರುತ್ತಾರೆ, ತೊಟ್ಟಿಯ ಎರಡೂ ತುದಿಯಲ್ಲಿ ನೀರು ಇಳಿಯಲು ದಾರಿ ಬಿಟ್ಟಿರುತ್ತಾರೆ. ಆ ದಾರಿಯ ಬಾಯಿಗೆ ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆಯಾದ ರಬ್ಬರ್ ಮೂತಿ ಇರುತ್ತದೆ. ನೀರಿನ ಭಾರಕ್ಕೆ ತೆರೆದುಕೊಂಡು, ಉಳಿದ ಹೊತ್ತು ಮುಚ್ಚಿಕೊಂಡು, ಧೂಳನ್ನೂ ಇಂಜಿನ್ನಿನ ಬಿಸಿಗಾಳಿಯನ್ನೂ ತಡೆಯುವುದು ಅದರ ಕೆಲಸ.

ಸಾಬರು ಜಾಲರಿಯ ಮೇಲೆ ಪೈಪು ಹಿಡಿದರು. ನೀರು ಒಳಗೆ ಹೋಯಿತು, ಮಡ್‌ಗಾರ್ಡಿನ ಹಿಂದಿನಿಂದ ಹೊರಗೆ ಬೀಳಬೇಕಿದ್ದ ಜಾಗದಲ್ಲಿ ಒಂದು ತೊಟ್ಟೂ ಬೀಳಲಿಲ್ಲ. ಕೆಲವು ನಿಮಿಷ ಕಳೆಯಿತು. ಸಾಬರು ಕಿವಿಯನ್ನು ಬಾನೆಟ್ಟಿಗೆ ಹತ್ತಿರ ಹಿಡಿದು ನಿಂತಿದ್ದರು. ತುಂಬುತ್ತಿರುವ ಬಿಂದಿಗೆಯ ಸದ್ದು ಬದಲಾಗುವ ಹಾಗೆ ಒಳಗಿನ ಸದ್ದು ಏರುತ್ತಿತ್ತು. ಆಗ ಒಳಗಿನಿಂದ ಹುಡುಗ ಕೂಗಿಕೊಂಡ: "ಅಪ್ಪಾ, ಬ್ಲೋವರಿನಿಂದ ನೀರು ಬರ್ತಿದೆ!" ಸೀಮೆಸುಣ್ಣದ ಬಿಳಿಯ ಮೇಲೆ ಬ್ಲೋವರ್ ಡಬ್ಬಿಯ ಅಡಿಯಿಂದ ಅಗಲವಾದ ಕಪ್ಪು ಗೆರೆ ಇಳಿದು, ನೇರ ಎಡಗಡೆ ಕಾಲಿಡುವ ಗುಂಡಿಗೆ ಬಂದಿತ್ತು.

ಜಾಲರಿ ಬಿಚ್ಚಿದಾಗ ಕಂಡದ್ದು ಹಲಸಿನ ಎಲೆ, ಅಡಿಕೆ ಹಿಂಗಾರದ ಹೊಟ್ಟು, ಇಲಿ ತಂದಿಟ್ಟ ಹತ್ತಿಯ ಚೂರು, ಇದೆಲ್ಲ ಕೊಳೆತು ಆದ ಗೊಬ್ಬರದಂಥ ಕಪ್ಪು ಮಣ್ಣು. ಮೊಳಕೆಯೊಡೆದ ಒಂದು ಬೀಜವೂ ಇತ್ತು. ಸಾಬರು ಕೈ ಇಳಿಸಿ ಎಡತುದಿಯ ರಬ್ಬರ್ ಮೂತಿಯನ್ನು ಹುಡುಕಿ, ಎರಡು ಬೆರಳಿನಲ್ಲಿ ಹಿಸುಕಿದರು. ಗಟ್ಟಿಯಾದ ಕೆಸರಿನ ಬೆಣೆ ಕಳಚಿ ಬಿತ್ತು, ಹಿಂದೆಯೇ ಕರಿನೀರು ಮಡ್‌ಗಾರ್ಡಿನ ಒಳಗಿನಿಂದ ಹೊರನುಗ್ಗಿ ಚಕ್ರದ ಬುಡದಲ್ಲಿ ಹೊಂಡ ಮಾಡಿತು. ಅಂಗಳದ ವಾಟದ ಲೆಕ್ಕವೂ ಆಗ ಹೊಂದಿತು. ಗಾಡಿ ಎಡಕ್ಕೆ ವಾಲಿ ನಿಂತಾಗ ತೊಟ್ಟಿಯ ನೀರೆಲ್ಲ ಎಡತುದಿಗೆ ಸೇರುತ್ತಿತ್ತು. ಬ್ಲೋವರಿನ ತೂತೂ ಎಡಕ್ಕೇ ಇದ್ದುದರಿಂದ ಅದರ ಸುತ್ತಲಿನ ಕಟ್ಟೆಯನ್ನು ನೀರು ದಾಟುತ್ತಿತ್ತು. ಮಂಡಿಯ ಸಮ ನೆಲದಲ್ಲಿ ಅದೇ ನೀರು ಹರಡಿಕೊಂಡು, ಅರ್ಧ ಕಟ್ಟಿದ್ದ ಬಲತುದಿಯಿಂದ ನಿಧಾನವಾಗಿ ಇಳಿದುಹೋಗುತ್ತಿತ್ತು.

ಅಷ್ಟು ಕಾಲ ಬೈಸಿಕೊಂಡ ಮುಂದಿನ ಗಾಜಿಗೆ ಈ ಪರೀಕ್ಷೆಯಲ್ಲಿ ಪೂರ್ತಿ ಬಿಡುಗಡೆಯಾಯಿತು. ಬೀಡಿಂಗ್ ಒಂದು ತೊಟ್ಟು ನೀರೂ ಬಿಡಲಿಲ್ಲ. ಆದರೆ ಅದಕ್ಕೆ ಮೆತ್ತಿದ ಸಿಲಿಕಾನ್ ಕೆರೆದು ತೆಗೆದಾಗ ಅಡಿಯ ತಗಡು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸಿಲಿಕಾನ್ ಟ್ಯೂಬು ಒತ್ತಿದಾಗ ಮೂಗಿಗೆ ಹುಳಿ ವಾಸನೆ ಹೊಡೆಯುತ್ತದೆ. ಅದು ಅಸಿಟಿಕ್ ಆಮ್ಲ, ವಿನೆಗರಿನಲ್ಲಿ ಇರುವುದೂ ಅದೇ. ಗಟ್ಟಿಯಾಗುತ್ತ ಅದು ಈ ಆಮ್ಲವನ್ನು ಬಿಡುತ್ತದೆ, ಬಣ್ಣ ಎದ್ದ ಬರಿ ತಗಡು ಸಿಕ್ಕರೆ ತುಕ್ಕು ಹಿಡಿಸುತ್ತದೆ. ಇನ್ನೊಂದು ತೊಂದರೆ ಇನ್ನೂ ಕೆಟ್ಟದ್ದು. ಸಿಲಿಕಾನ್ ಒಮ್ಮೆ ಬಿದ್ದ ಮೇಲೆ ಅದರ ಮೇಲೆ ಬಣ್ಣವೂ ಹಿಡಿಯುವುದಿಲ್ಲ, ಗಾಜು ಅಂಟಿಸುವ ಪಾಲಿಯುರೆಥೇನ್ ಅಂಟೂ ಹಿಡಿಯುವುದಿಲ್ಲ. ಈಗಿನ ಬಹುತೇಕ ಗಾಡಿಗಳಲ್ಲಿ ಮುಂದಿನ ಗಾಜು ಬೀಡಿಂಗ್ ಇಲ್ಲದೆ ಈ ಅಂಟಿನಿಂದಲೇ ಬಾಡಿಗೆ ಕೂತಿರುತ್ತದೆ, ಅಪಘಾತದಲ್ಲಿ ಕ್ಯಾಬಿನ್ನಿಗೆ ಬಲ ಕೊಡುವ ಭಾಗಗಳಲ್ಲಿ ಆ ಗಾಜೂ ಒಂದು. ಅಲ್ಲಿ ಸಿಲಿಕಾನ್ ಮೆತ್ತುವುದು ನೀರಿನ ಪ್ರಶ್ನೆಯಷ್ಟೇ ಅಲ್ಲ, ಜೀವದ ಪ್ರಶ್ನೆಯೂ ಹೌದು.

ರಬ್ಬರಿನ ಬಗ್ಗೆಯೂ ಒಂದು ಮಾತು ಇಲ್ಲಿ ಹೇಳಬೇಕು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಸೇರಿಸಿ ಕಾಯಿಸಿ ರಬ್ಬರನ್ನು ಬಾಳಿಕೆಗೆ ತಂದ. ಆದರೂ ಸಹಜ ರಬ್ಬರಿಗೆ ಗಾಳಿಯಲ್ಲಿನ ಓಜೋನ್ ಶತ್ರು. ಅದರ ಅಣುಸರಪಳಿಯ ದುರ್ಬಲ ಕೊಂಡಿಗಳನ್ನು ಓಜೋನ್ ಕತ್ತರಿಸುತ್ತದೆ, ಬೀಡಿಂಗ್ ಮೇಲೆ ಅಡ್ಡ ಬಿರುಕು ಬೀಳುತ್ತದೆ. 1960ರ ದಶಕದಲ್ಲಿ ಬಳಕೆಗೆ ಬಂದ ಇಪಿಡಿಎಂ ಎಂಬ ಕೃತಕ ರಬ್ಬರಿನ ಸರಪಳಿಯಲ್ಲಿ ಅಂಥ ಕೊಂಡಿಗಳಿಲ್ಲ. ಇಂದಿನ ಬಾಗಿಲು, ಗಾಜುಗಳ ರಬ್ಬರ್ ಹೆಚ್ಚಾಗಿ ಅದೇ. ಹಾಗಾಗಿ ಹತ್ತು ವರ್ಷ ಕಳೆದ ಗಾಡಿಯಲ್ಲೂ ಬೀಡಿಂಗ್ ಗಟ್ಟಿಯಾಗೇ ಇರುವುದುಂಟು. ಸೋರಿತು ಎಂದ ಕೂಡಲೇ ಕೈ ಮೊದಲು ಗಾಜಿನ ಕಡೆಗೆ ಹೋಗುವ ಅಭ್ಯಾಸ ಹಳೆಯ ರಬ್ಬರಿನ ಕಾಲದ್ದು ಎಂದು ನನ್ನ ಊಹೆ.

ಕ್ಯಾಬಿನ್ನಿನ ಹಿಂದಿನ ಗೋಡೆ, ಅದರ ಗಾಜು ಎರಡೂ ಒಣ ಇದ್ದವು. ಅಮೆರಿಕದ ಪಿಕಪ್ ಆಗಿದ್ದರೆ ಮೊದಲ ಅನುಮಾನ ಅಲ್ಲಿಗೇ ಹೋಗುತ್ತಿತ್ತು, ಅದಕ್ಕೆ ಕಾರಣ ಸ್ವಾರಸ್ಯವಾಗಿದೆ. 1974ರಲ್ಲಿ ಜಾನ್ ವೊಯ್ವೊಡ್ಸ್ಕಿ ಎಂಬ ಮನೋವಿಜ್ಞಾನಿ ಸ್ಯಾನ್‌ಫ್ರಾನ್ಸಿಸ್ಕೋದ 343 ಟ್ಯಾಕ್ಸಿಗಳ ಹಿಂದೆ ಮೂರನೆಯ ಬ್ರೇಕ್ ದೀಪ ಹಾಕಿಸಿ, 160 ಟ್ಯಾಕ್ಸಿಗಳನ್ನು ಹಾಗೇ ಬಿಟ್ಟು ಹತ್ತು ತಿಂಗಳು ಗಮನಿಸಿದ. ದೀಪವಿದ್ದ ಟ್ಯಾಕ್ಸಿಗಳಿಗೆ ಹಿಂದಿನಿಂದ ಗುದ್ದುವ ಅಪಘಾತ ಶೇಕಡಾ 60ರಷ್ಟು ಕಡಿಮೆಯಾಗಿತ್ತು. 1986ರ ಮಾದರಿಯಿಂದ ಅಲ್ಲಿನ ಕಾರುಗಳಿಗೆ, 1994ರ ಮಾದರಿಯಿಂದ ಪಿಕಪ್‌ನಂಥ ಹಗುರ ಟ್ರಕ್‌ಗಳಿಗೆ ಆ ದೀಪ ಕಡ್ಡಾಯವಾಯಿತು. ಪಿಕಪ್ಪಿನಲ್ಲಿ ಅದಕ್ಕೆ ಸಿಕ್ಕ ಜಾಗ ಕ್ಯಾಬಿನ್ನಿನ ಹಿಂದಿನ ಗೋಡೆಯ ನೆತ್ತಿ. ತಗಡು ಕೊರೆದು, ದೀಪದ ಸುತ್ತ ತೆಳುವಾದ ಫೋಮ್ ಪಟ್ಟಿ ಇಟ್ಟು ಸ್ಕ್ರೂ ಬಿಗಿದರು. ವರ್ಷಗಳು ಕಳೆದು ಫೋಮ್ ಅದುಮಿ ಹೋದಾಗ ಮಳೆನೀರು ಒಳಗೆ ಇಳಿದು ಚಾವಣಿಯ ಬಟ್ಟೆಯನ್ನೂ ಸೀಟಿನ ಬೆನ್ನನ್ನೂ ನೆನೆಸುತ್ತದೆ. ಎಷ್ಟೋ ಅಪಘಾತ ತಪ್ಪಿಸಿದ ದೀಪ ಅದು. ಅದರ ಪಟ್ಟಿಯನ್ನು ಆಗಾಗ ಬದಲಿಸುವುದು ಅದಕ್ಕೆ ತೆರುವ ಸಣ್ಣ ಬೆಲೆ.

ಬಾವನ ಗಾಡಿಯ ಎಡಗಡೆ ಅಂದಿನಿಂದ ಒಣಗಿತು. ಆದರೆ ಬಲಗಡೆಯ ಫ್ಯೂಸ್ ಬಾಕ್ಸಿನ ಲೆಕ್ಕ ಬಾಕಿ ಇತ್ತು. ಚಾವಣಿಗೆ ಎಷ್ಟು ಹೊತ್ತು ನೀರು ಬಿಟ್ಟರೂ ಬಲಕಂಬದ ಮೇಲಿನ ಸೀಮೆಸುಣ್ಣ ಬೆಳ್ಳಗೇ ಉಳಿಯಿತು. ಮಾರನೆಯ ದಿನ ಜಡಿಮಳೆಯಲ್ಲಿ ಕೊಪ್ಪದವರೆಗೆ ಓಡಿಸಿ ಬಂದಾಗ ಮಾತ್ರ ಅದರ ಮೇಲೆ ನೂಲಿನಂಥ ಒಂದು ಗೆರೆ ಇತ್ತು. ನಿಂತಾಗ ಬಾರದ ನೀರು ಓಡುವಾಗ ಬರುತ್ತಿತ್ತು.

ಈ ಹುಡುಕಾಟದ ಅತಿ ಒಳ್ಳೆಯ ಭಾಗ ನನ್ನ ಪಾಲಿಗೆ ಇಲ್ಲಿದೆ. ಸಾಬರು ಡ್ರೈವಿಂಗ್ ಸೀಟಿನಲ್ಲಿ ಕೂತು, ಕಿಟಕಿಯ ಹಿಡಿಯನ್ನು ಮುಟ್ಟುತ್ತ ಕೇಳಿದರು:

"ಮಳೇಲಿ ಓಡಿಸುವಾಗ ಈ ಗಾಜು ಪೂರ್ತಿ ಏರಿಸ್ತೀರಾ?"

"ಇಲ್ಲ ಸಾಬ್ರೇ. ಒಳಗೆಲ್ಲ ಮಂಜು ಕಟ್ಟುತ್ತೆ, ಎದುರಿಗೆ ಏನೂ ಕಾಣಲ್ಲ. ಒಂದು ಬೆರಳಷ್ಟು ಇಳಿಸಿರ್ತೀನಿ."

ಓಡುವ ಗಾಡಿಯ ಪಕ್ಕದಲ್ಲಿ ಗಾಳಿ ವೇಗವಾಗಿ ಹಾಯುವಾಗ ಅಲ್ಲಿನ ಒತ್ತಡ ಇಳಿಯುತ್ತದೆ. ಕಿಟಕಿ ಬೆರಳಷ್ಟು ತೆರೆದಿದ್ದರೆ ಕ್ಯಾಬಿನ್ನಿನ ಒಳಗಿನ ಒತ್ತಡವೂ ಅದರೊಂದಿಗೆ ಇಳಿಯುತ್ತದೆ. ಆಗ ಎಲ್ಲಿ ಕೂದಲೆಳೆಯ ಬಿರುಕಿದ್ದರೂ ಹೊರಗೆ ನಿಂತ ನೀರನ್ನು ಕ್ಯಾಬಿನ್ ಒಳಕ್ಕೆ ಹೀರುತ್ತದೆ. ಮಂಜು ಕಟ್ಟುತ್ತಿದ್ದುದು ಯಾಕೆ? ನೆಲದ ಫೆಲ್ಟ್ ನೀರು ಕುಡಿದು ಕೂತಿದ್ದರಿಂದ. ಫೆಲ್ಟ್ ನೆನೆದದ್ದು ಯಾಕೆ? ಜಾಲರಿಯ ಅಡಿಯ ತೊಟ್ಟಿ ಕಟ್ಟಿದ್ದರಿಂದ. ಎಡಗಡೆಯ ಸೋರಿಕೆಯೇ ಕಿಟಕಿ ಇಳಿಸುವ ಹಾಗೆ ಮಾಡಿ ಬಲಗಡೆಯ ಸೋರಿಕೆಯನ್ನು ಹುಟ್ಟುಹಾಕಿತ್ತು. ಸಂಬಂಧವಿಲ್ಲದ ಎರಡು ರೋಗ ಎಂದುಕೊಂಡದ್ದಕ್ಕೆ ಬೇರು ಒಂದೇ ಆಗಿತ್ತು.

ಬಿರುಕು ಎಲ್ಲಿದೆ ಎಂದು ಹುಡುಕಲು ಸಾಬರು ಪರೀಕ್ಷೆಯನ್ನೇ ತಿರುಗಿಸಿದರು. ನೀರು ಒಳಗೆ ಬರುವ ದಾರಿಯಲ್ಲಿ ಗಾಳಿ ಹೊರಗೆ ಹೋಗಬೇಕಲ್ಲ. ಕಿಟಕಿಗಳನ್ನು ಪೂರ್ತಿ ಏರಿಸಿ, ಒಳಗಿನ ಗಾಳಿ ಹೊರಹೋಗಲೆಂದು ಹಿಂದಿನ ಗೋಡೆಯಲ್ಲಿ ಬಿಟ್ಟಿದ್ದ ಕಿಂಡಿಗಳಿಗೆ ಟೇಪು ಅಂಟಿಸಿ, ಬ್ಲೋವರನ್ನು ಹೊರಗಾಳಿ ಎಳೆಯುವ ಸ್ಥಿತಿಗೆ ತಿರುಗಿಸಿ ಪೂರ್ತಿ ವೇಗದಲ್ಲಿಟ್ಟರು. ಕ್ಯಾಬಿನ್ ಒಳಗೆ ಗಾಳಿ ಒತ್ತಿ ತುಂಬಿತು. ಹೊರಗಿನಿಂದ ಬಣ್ಣ ಬಳಿಯುವ ಬ್ರಷ್ಷಿನಲ್ಲಿ ಸೋಪಿನ ನೀರನ್ನು ಒಂದೊಂದೇ ಜೋಡಣೆಗೆ ಹಚ್ಚುತ್ತ ಬಂದರು. ಗಾಜಿನ ಸುತ್ತ ಏನೂ ಇಲ್ಲ. ಬಾಗಿಲಿನ ಸುತ್ತ ಏನೂ ಇಲ್ಲ. ಚಾವಣಿಯ ಬಲ ಮುಂಮೂಲೆಯಲ್ಲಿ, ನೀರು ಹರಿಯುವ ಗಟಾರಿನ ಮೇಲೆ ಕ್ಯಾರಿಯರ್‌ನ ಕಾಲು ಕೂತಿದ್ದಲ್ಲಿ, ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು.

ಚಾವಣಿ, ಕಂಬ, ಗಟಾರು ಮೂರೂ ತಗಡುಗಳು ಕೂಡುವ ಮೂಲೆ ಅದು. ಅಲ್ಲಿ ತಗಡುಗಳನ್ನು ಚುಕ್ಕಿಚುಕ್ಕಿಯಾಗಿ ಬೆಸೆದು, ಸಂದಿಗೆ ಸೀಲರ್ ತುಂಬಿ, ಬಣ್ಣದ ಒಲೆಯಲ್ಲಿ ಕಾಯಿಸಿರುತ್ತಾರೆ. ವರ್ಷಗಳ ಬಿಸಿಲಿಗೆ ಸೀಲರ್ ಬಿರುಸಾಗುತ್ತದೆ. ಗಾಡಿ ಕೊಂಡ ಮೇಲೆ ಕೂರಿಸಿದ ಕಬ್ಬಿಣದ ಕ್ಯಾರಿಯರ್ ಗಟಾರನ್ನು ಕಚ್ಚಿ ಹಿಡಿದು, ಹೊಂಡದ ರಸ್ತೆಯ ಪ್ರತಿ ಕುಲುಕಿಗೂ ಆ ಮೂಲೆಯನ್ನು ಅಲುಗಾಡಿಸಿತ್ತು. ಕಾಲು ಎತ್ತಿದಾಗ ಸೀಲರಿನಲ್ಲಿ ಉಗುರಿನಷ್ಟುದ್ದದ ಬಿರುಕು ಕಂಡಿತು. ಅಲ್ಲಿ ಹೊಕ್ಕ ನೀರು ಟೊಳ್ಳು ಕಂಬದೊಳಗೆ ಇಳಿದು, ಬುಡದಲ್ಲಿ ತಂತಿಗಳ ಕಟ್ಟನ್ನು ಹಿಡಿದು, ಅದರ ಮೈಮೇಲೆ ಸಾಗಿ ಫ್ಯೂಸ್ ಬಾಕ್ಸಿನೊಳಗೆ ತೊಟ್ಟಿಕ್ಕುತ್ತಿತ್ತು.

ಸರಿಪಡಿಸಿದ ಕೆಲಸ ಹುಡುಕಿದ ಕೆಲಸದ ಮುಂದೆ ಸಣ್ಣದು. ಹಳೆಯ ಸೀಲರನ್ನು ತಗಡು ಕಾಣುವವರೆಗೆ ಕೆರೆದರು, ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿದರು, ರೆಡ್ ಆಕ್ಸೈಡ್ ಹೊಡೆದು ಒಣಗಲು ಬಿಟ್ಟರು, ಪಾಲಿಯುರೆಥೇನ್ ಸೀಲಂಟ್ ತುಂಬಿ ಬೆರಳಿನಲ್ಲಿ ತೀಡಿದರು. ಈ ಸೀಲಂಟ್ ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿಕೊಂಡೇ. ಮಲೆನಾಡಿನ ಜುಲೈನಲ್ಲಿ ಅದಕ್ಕೆ ಬರವಿಲ್ಲ. ಆದರೆ ಅಂಟುವ ತಗಡು ಮಾತ್ರ ಪೂರ್ತಿ ಒಣಗಿರಬೇಕು. ಅದಕ್ಕಾಗಿ ಗಾಡಿಯನ್ನು ಅಡಿಕೆ ಸುಲಿಯುವ ಮನೆಯ ಮಾಡಿನ ಕೆಳಗೆ ತಂದು ನಿಲ್ಲಿಸಿ, ಬಿಸಿಗಾಳಿ ಊದಿ ಒಣಗಿಸಿದ್ದರು. ಕ್ಯಾರಿಯರ್ ಕಾಲಿನ ಅಡಿಗೆ ದಪ್ಪ ರಬ್ಬರ್ ಬಂತು. ಫ್ಯೂಸ್ ಬಾಕ್ಸಿಗೆ ಹೋಗುವ ತಂತಿಯ ಕಟ್ಟನ್ನು ಪೆಟ್ಟಿಗೆಗಿಂತ ಕೆಳಕ್ಕೆ ಇಳಿಸಿ, ಕುಣಿಕೆಯಂತೆ ಬಾಗಿಸಿ ಮೇಲಕ್ಕೆ ತಂದರು. ಮುಂದೆ ಎಂದಾದರೂ ನೀರು ತಂತಿ ಹಿಡಿದು ಬಂದರೂ ಕುಣಿಕೆಯ ತಳದಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳಲಿ ಎಂದು.

ಈ ಇಡೀ ಪ್ರಕರಣ ನೋಡಿದ ಮೇಲೆ ನನಗೆ ಗಾಡಿ ಕಟ್ಟುವವರ ಜಾಣ್ಮೆಯ ಬಗ್ಗೆ ಗೌರವ ಹೆಚ್ಚಾಗಿದೆ. 1925ರ ಏಪ್ರಿಲ್‌ನಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ಪಿಕಪ್ ಬಾಡಿ ಕೂರಿಸಿ ಮಾರತೊಡಗಿದಾಗ ಅದಕ್ಕಿದ್ದದ್ದು ಮಡಚುವ ಬಟ್ಟೆಯ ಚಾವಣಿ. ಓಡಿಸುವವನು ನೆನೆಯುವುದು ಸಹಜ ಎಂದೇ ತಿಳಿದಿದ್ದ ಕಾಲ. ಮುಚ್ಚಿದ ಕ್ಯಾಬಿನ್ ಬಂದ ಮೇಲೆ ಅದನ್ನು ಕಟ್ಟಿದವರು ನೀರನ್ನು ಪೂರ್ತಿ ತಡೆಯಲಾಗದು ಎಂಬುದನ್ನು ಒಪ್ಪಿಕೊಂಡರು, ಒಳಬರುವ ನೀರಿಗೆ ಹೊರಗೆ ಹೋಗುವ ದಾರಿಗಳನ್ನು ಜೋಡಿಸಿಟ್ಟರು. ಬಾವನ ಗಾಡಿಯಲ್ಲಿ ಸಿಕ್ಕ ಮೂರರಲ್ಲಿ ಎರಡು ಸೋರಿಕೆ ಹೊಸ ತೂತಿನಿಂದ ಆದದ್ದಲ್ಲ, ಇದ್ದ ತೂತು ಮುಚ್ಚಿದ್ದರಿಂದ ಆದದ್ದು. ಅಂಥ ಕಡೆ ಸೀಲಂಟ್ ಹಿಡಿದು ಬರುವುದು ರೋಗಕ್ಕೆ ರೋಗವನ್ನೇ ಮದ್ದಾಗಿ ಕೊಟ್ಟಂತೆ.

ಪಿಕಪ್ ಇಟ್ಟುಕೊಂಡವರಲ್ಲಿ ನನ್ನದೊಂದು ಕೇಳಿಕೆ. ಮೃಗಶಿರಾ ಮಳೆ ಹಿಡಿಯುವ ಮೊದಲು ವೈಪರ್ ಬುಡದ ಜಾಲರಿ ಎತ್ತಿ ಎಲೆಕಸ ಬಳಿಯಿರಿ. ಒಂದು ಚೊಂಬು ನೀರು ಹೊಯ್ದು ಎರಡೂ ಮಡ್‌ಗಾರ್ಡಿನ ಹಿಂದೆ ಬೀಳುತ್ತದೆಯೇ ನೋಡಿ. ಬಾಗಿಲಿನ ತಳದ ತೂತುಗಳಿಗೆ ಕಡ್ಡಿ ಆಡಿಸಿ, ಅಲ್ಲಿ ಬಣ್ಣ ಬಳಿಯಲು ಬಂದವರಿಗೆ ತೂತು ಬಿಟ್ಟು ಬಳಿಯಲು ಹೇಳಿ. ಅರ್ಧ ಗಂಟೆಯ ಕೆಲಸ, ಕಾಸಿನ ಖರ್ಚಿಲ್ಲ. ಅಷ್ಟಾದರೂ ಒಳಗೆ ನೀರು ಕಂಡರೆ ಸಿಲಿಕಾನ್ ಟ್ಯೂಬು ಕೊಳ್ಳಲು ಹೋಗಬೇಡಿ, ಮೊದಲು ಮ್ಯಾಟು ಎತ್ತಿ ಫೆಲ್ಟ್ ಒಣಗಿಸಿ.